ಗಿಡದ್ದಲ್ವಾ, ಮದ್ದಲ್ಲ

ನನ್ನ ಗಂಡನ ಹೊಟ್ಟೆ ಬೆಳೆದದ್ದು ಬಹರೈನಿಗೆ ಬಂದ ಮೇಲೆ. ಅಸ್ಕರ್ ಕಡೆಯ ಕಾರ್ಖಾನೆಯ ಉಗ್ರಾಣದಲ್ಲಿ ಇಡೀ ದಿನ ಕೂತು ಮಾಡುವ ಕೆಲಸ, ಹೋಗಿಬರಲು ಕಂಪೆನಿ ಬಸ್ಸು, ರಜೆ ಬಂದರೆ ಯಾರದಾದರೂ ಮನೆಯಲ್ಲಿ ಬಿರಿಯಾನಿ. ಸಂಜೆ ಮಾಹೂಝ್‌ನ ನಮ್ಮ ಬೀದಿಯಲ್ಲಾದರೂ ನಡೆಯಿರಿ ಎಂದರೆ ಸೆಕೆ ಎನ್ನುತ್ತಿದ್ದರು. ಜನವರಿಯಲ್ಲಿ ಚಳಿ ಎನ್ನುತ್ತಿದ್ದರು.

ಆಗ ನಮ್ಮ ಪುನರ್ಪುಳಿಯ, ಅಂದರೆ ಕೋಕಮ್ಮಿನ, ಜಾತಿಯದೇ ಒಂದು ಹಣ್ಣಿನ ಸಿಪ್ಪೆಯ ಸಾರ ಕೊಬ್ಬು ಕರಗಿಸುತ್ತದೆಂದು ಎಲ್ಲ ಕಡೆ ಸುದ್ದಿ. ಬಸ್ಸಿನ ಗೆಳೆಯರೊಬ್ಬರು ಇವರಿಗೆ ಕ್ಯಾಪ್ಸೂಲಿನ ಡಬ್ಬಿ ತರಿಸಿಕೊಟ್ಟರಂತೆ. ನಾನು ನರ್ಸ್, ಗೊತ್ತಾದರೆ ಬೈಯುತ್ತೇನೆಂದು ಕೆಲಸದ ಜಾಗದಲ್ಲೇ ಇಟ್ಟುಕೊಂಡು ನುಂಗುತ್ತಿದ್ದರಂತೆ. ಕರಗಿಸಲು ಕ್ಯಾಪ್ಸೂಲ್ ಇದೆಯಲ್ಲ ಎಂಬ ಧೈರ್ಯಕ್ಕೋ ಏನೋ, ಮನೆಯಲ್ಲಿ ಊಟ ಇನ್ನೂ ಜಾಸ್ತಿಯಾಗಿತ್ತು.

ಕೆಲವು ವಾರಗಳಲ್ಲಿ ಅನ್ನ ಕಂಡರೆ ಓಕರಿಕೆ. ಒಂದು ಬೆಳಿಗ್ಗೆ ನೋಡುತ್ತೇನೆ, ಕಣ್ಣು ಅರಸಿನ ಬಳಿದ ಹಾಗೆ ಹಳದಿ. ಕೂಡಲೇ ಆಸ್ಪತ್ರೆಗೆ ಸೇರಿಸಿದೆ. "ಬೇರೆ ಏನಾದರೂ ಔಷಧಿ ತಗೊಳ್ತೀರಾ?" ಎಂದು ಡಾಕ್ಟರ್ ಬಿಡಿಸಿ ಬಿಡಿಸಿ ಕೇಳಿದರು. ಇವರದು ಒಂದೇ ಉತ್ತರ: ಇಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು. ಯಾವ ಸೋಂಕೂ ಸಿಗಲಿಲ್ಲ. ನಾನು ಹೆದರಿ ಅರ್ಧ ಆಗಿದ್ದೆ.

ಕೊನೆಗೆ ನೋಡಲು ಬಂದ ಆ ಬಸ್ಸಿನ ಗೆಳೆಯರೇ ಹಾಸಿಗೆಯ ಪಕ್ಕ ಕೂತು, "ಕ್ಯಾಪ್ಸೂಲ್ ಮುಗಿದಿದ್ರೆ ಇನ್ನೊಂದು ಡಬ್ಬಿ ತರ್ಲಾ?" ಎಂದರು.

ಅವರು ಹೋಗುವವರೆಗೆ ಹೇಗೋ ತಡೆದುಕೊಂಡೆ.

"ಡಾಕ್ಟರ್ ಅಷ್ಟು ಕೇಳಿದ್ರಲ್ಲ, ಯಾಕೆ ಹೇಳ್ಲಿಲ್ಲ ನೀವು?"

"ಅವರು ಕೇಳಿದ್ದು ಮದ್ದು. ಇದು ಗಿಡದ್ದಲ್ವಾ ಮಾರಾಯ್ತಿ?"

"ಕಾಸರಕದ ವಿಷದ ಕಾಯಿ ಕೂಡ ಗಿಡದ್ದೇ. ತಿಂತೀರಾ?"

ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಲಿವರಿಗೆ ಪೆಟ್ಟಾಗಿದೆ, ಕೆಲವರಿಗೆ ಇಂಥದ್ದರಿಂದ ಹಾಗಾಗುವುದುಂಟು, ಇನ್ನು ಅದನ್ನು ಮುಟ್ಟಲೇಬಾರದು ಎಂದರು. ಹಳದಿ ಇಳಿಯಲು ತಿಂಗಳುಗಳೇ ಬೇಕಾದವು.

ಚೇತರಿಸಿಕೊಂಡು ಮೊದಲ ಸಲ ಇಗರ್ಜಿಗೆ ಹೋದಾಗ ಇವರ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಪಾದ್ರಿಗಳ ಪೂಜೆ ಮುಗಿದದ್ದೇ ಪರಿಚಯದ ಹೆಂಗಸೊಬ್ಬರು ಬಂದು, "ಎಷ್ಟು ಸಪೂರ ಆಗಿದ್ದೀರಿ! ಏನು ಮಾಡಿದ್ರಿ?" ಎಂದರು. ನನ್ನ ಗಂಡನ ಮುಖ ಅರಳಿತು. "ಅದೊಂದು ಕ್ಯಾಪ್ಸೂಲ್..." ಎಂದು ಶುರು ಮಾಡಿಯೇಬಿಟ್ಟರು.

"ಲಿವರ್ ಕೆಟ್ಟು ಸಪೂರ ಆದದ್ದು," ಎಂದು ನಾನು ಮಧ್ಯೆ ಬಾಯಿ ಹಾಕಿದೆ.

ಆಕೆ ಇವರ ಜೋತಾಡುವ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಎಲ್ಲರಿಗೂ ಹಾಗೆ ಆಗ್ತದಾ?"