ಇಬ್ಬರು ಮಾಸ್ತರರ ನಡುವಿನ ಮಾತು

ಭಟ್ಕಳದ ಹತ್ತಿರದ ಆ ಹಳ್ಳಿಶಾಲೆಯಲ್ಲಿ ನಾವಿದ್ದದ್ದು ಇಬ್ಬರೇ ಮಾಸ್ತರರು: ನಾನು, ಮತ್ತು ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಮುಖ್ಯ ಮಾಸ್ತರರು. ಉದ್ದನೆಯ ಒಂದೇ ಕೋಣೆ; ಆ ತುದಿಯಲ್ಲಿ ಅವರ ತರಗತಿಗಳು, ಈ ತುದಿಯಲ್ಲಿ ನನ್ನವು. ಇಸವಿ ಅರವತ್ತೆರಡೋ ಅರವತ್ಮೂರೋ ಇರಬೇಕು. ಆಗ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಬಹಳ ದೂರವೇನೂ ಹೋಗಿಲ್ಲ.

ಒಂದು ಸೋಮವಾರ ಕುಮಟೆಯಿಂದ ಬರುವಾಗ ಹೊನ್ನಾವರದಲ್ಲಿ ಹೊಳೆ ದಾಟಿಸುವ ಲಾಂಚು ತಡವಾಯಿತು. ಶಾಲೆ ಮುಟ್ಟುವಾಗ ಹನ್ನೊಂದೂವರೆ. "ನೋಡಿ ಮಕ್ಕಳೇ, ನಿಮಗಿಂತ ದೊಡ್ಡ ಉಡಾಳರು ಬಂದ್ರು" ಎಂದರು ಮುಖ್ಯ ಮಾಸ್ತರರು. ಮಕ್ಕಳೆಲ್ಲ ನಕ್ಕರು. ತಮಾಷೆಗೆ ಅಂದದ್ದೇ ಇರಬಹುದು. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ. ಅವರೇನು ಕಡಿಮೆಯೇ, ಅವರೂ ಬಿಟ್ಟರು.

ಆದರೆ ಶಾಲೆ ನಡೆಯಬೇಕಲ್ಲ. ಹೇಳಬೇಕಾದ್ದನ್ನು ಐದನೆಯ ಇಯತ್ತೆಯ ಹುಡುಗಿಯೊಬ್ಬಳ ಕಿವಿಯಲ್ಲಿ ಹೇಳಿ ಅವಳನ್ನು ನಡುವೆ ಓಡಿಸತೊಡಗಿದೆವು. ಹಲಗೆಗೆ ಬರೆಯುವ ಖಡು ಮುಗಿದರೂ ಅವಳೇ, ಗಂಟೆ ಹೊಡೆಸಬೇಕಾದರೂ ಅವಳೇ.

ಹೀಗೆ ಎರಡು ತಿಂಗಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ಹೇಳುವಾಗಲೂ ಕಿವಿ ಆ ತುದಿಗೇ. ಅವರು ಕೆಮ್ಮಿದರೂ ನನ್ನನ್ನು ಕೆಣಕಿದಂತೆ. ಸಂಜೆ ಗದ್ದೆಯಂಚಿನಲ್ಲಿ ಗುರಿಯಿಲ್ಲದೆ ತಿರುಗುತ್ತಿದ್ದೆ, ಬೇರೆ ಶಾಲೆಗೆ ಬದಲಿ ಕೇಳಿ ಅರ್ಜಿ ಬರೆಯುತ್ತಿದ್ದೆ, ಹರಿಯುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಪೆಟ್ಟು ಮಕ್ಕಳಿಗೆ ಬೀಳುತ್ತಿತ್ತು.

ಒಂದೇ ಸಮಾಧಾನವೆಂದರೆ ಆ ಕಡೆಯಿಂದ ಬರುವ ಮಾತು ಮೆತ್ತಗಿರುತ್ತಿತ್ತು. "ನಿಮ್ಮ ಅಕ್ಷರ ಚೆಂದ ಅದೆಯಂತೆ, ಹಾಜರಿ ಪುಸ್ತಕ ನೀವೇ ಬರೀಬೇಕಂತೆ" ಎಂದಿದ್ದಳು ಹುಡುಗಿ ಒಮ್ಮೆ. ಮುದುಕ ಒಳಗೊಳಗೇ ಸೋತಿದ್ದಾನೆಂದು ಬೀಗಿದ್ದೆ.

ಆಮೇಲೆ ಹುಡುಗಿ ಬರುವುದೇ ನಿಂತಿತು. ನಾಲ್ಕನೆಯ ದಿನ ಅವಳ ತಾಯಿ ಶಾಲೆಯ ಬಾಗಿಲಲ್ಲಿ ನಿಂತು ಇಬ್ಬರಿಗೂ ಕೇಳುವಂತೆ ಹೇಳಿದಳು: "ಶಾಲೆ ಅಂದ್ರೆ ಮಗು ಹೊಟ್ಟೆ ಹಿಡ್ಕಂತದೆ ಮಾಸ್ತರೇ. ನೀವಿಬ್ರು ಬೈದದ್ದನ್ನ ತಿದ್ದಿ ತಿದ್ದಿ ಹೇಳ್ತದಂತೆ. ಯಾವತ್ತು ಸಿಕ್ಕಿಬೀಳ್ತೆನೋ ಅಂತ ಹೆದ್ರಿಕೆ. ಅದ್ಕೆ ಇನ್ನು ಶಾಲೆ ಸಾಕು."

ಅವಳು ಹೋದ ಮೇಲೆ ನಾನು ಆ ತುದಿಗೆ ನಡೆದೆ. "ನನ್ನ ಅಕ್ಷರ ಚೆಂದ ಅಂದಿದ್ದಿರಾ?"

"ಇಲ್ಲ. ಹಾಜರಿ ಬರೀಲಿ, ಬೇರೆ ಎಂತ ಬತ್ತದೆ ಅವ್ರಿಗೆ ಅಂದಿದ್ದೆ." ಅವರು ತಲೆಯೆತ್ತಲಿಲ್ಲ. "ಹಿರಿಯರು ಹೇಳಿದ ಹಾಗೇ ಆಗಲಿ ಅಂತ ನೀವು ಹೇಳಿ ಕಳಿಸಿದ್ದು ಹೌದೋ?"

ನಾನು ಹಾಗೆ ಹೇಳಿರಲಿಲ್ಲ. ಹೇಳಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಎರಡು ತಿಂಗಳು ಆ ಶಾಲೆಯನ್ನು ನಡೆಸಿದ್ದು ಹನ್ನೊಂದು ವರ್ಷದ ಹುಡುಗಿ.

ಶಾಲೆ ಬಿಟ್ಟ ಮೇಲೆ ಅವಳನ್ನು ಮರಳಿ ಕರೆತರಲು ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಮಾತಿಗೆ ತಡಕಾಡಿದೆವು. ಅಂಗಳದಲ್ಲಿದ್ದ ಹುಡುಗಿ ನಮ್ಮನ್ನು ಒಟ್ಟಿಗೆ ಕಂಡು ಓಡಲಿಲ್ಲ. ಹತ್ತಿರ ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಪೆಟ್ಟು ತಿನ್ನಲು ಎರಡೂ ಅಂಗೈ ಚಾಚಿ ನಿಂತಳು. ಒಂದು ಅವರ ಕಡೆಗೆ, ಒಂದು ನನ್ನ ಕಡೆಗೆ.