ತಣ್ಣನೆ ಬೆರಳಿನ ಅಕ್ಕ

ಅಕ್ಕನ ಬೆರಳುಗಳು ಏಪ್ರಿಲ್ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದವು. ಸಂಜೆ ಮೈಸೂರಿನಿಂದ ಬಂದವಳೇ ಸದ್ದಿಲ್ಲದೆ ಹಿಂದೆ ನಿಂತು ನನ್ನ ಕತ್ತಿಗೆ ಎರಡು ಬೆರಳು ಒತ್ತುತ್ತಿದ್ದಳು. ನಾನು ಕಿಟಾರನೆ ಕಿರುಚಬೇಕು, ಅವಳು ನಗಬೇಕು, ಅದು ಅವಳ ಆಸೆ. ನಾನು ಕಿರುಚುತ್ತಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಮುದುಡಿಕೊಳ್ಳುತ್ತಿದ್ದೆ.

"ನಿನ್ನ ಗಂಟ್ಲಿಗೆ ಯಾರವ್ವ ಬೀಗ ಹಾಕ್ದೋರು?" ಎನ್ನುತ್ತಿದ್ದಳು.

ಮಕ್ಕಳೇ, ಇದು ತೊಂಬತ್ತರ ದಶಕದ ಮೊದಮೊದಲ ಮಾತು. ನಿಮ್ಮ ಅಪ್ಪ ಆಗ ಅಂಗನವಾಡಿಗೆ ಹೋಗುತ್ತಿದ್ದ. ಶ್ರೀರಂಗಪಟ್ಟಣದ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಅಕ್ಕ ಬಾಡಿಗೆಗಿದ್ದಳು. ಅವಳದು ಬೂಕನಕೆರೆ ಕಡೆ, ನನ್ನ ತವರು ಶೀಳನೆರೆ. ಒಂದೇ ತಾಲ್ಲೂಕಿನವರೆಂದು ಮೊದಲ ದಿನವೇ ನನ್ನನ್ನು ತಂಗಿ ಮಾಡಿಕೊಂಡಳು. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಅಲ್ಲಿಯ ಪ್ರಯೋಗಾಲಯವೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಅಲ್ಲಿಯ ಅಭ್ಯಾಸ ಮನೆಗೂ ಬಂದಿತ್ತು. ನನ್ನ ಉಪ್ಪಿನಕಾಯಿ ಜಾಡಿಗೂ ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದಳು.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ಆದರೂ ಅವರೆಕಾಯಿ ಬಿಡಿಸುತ್ತ ನನಗೆ ಅವಳ ಕೆಲಸ ವಿವರಿಸುತ್ತಿದ್ದಳು. ನಮ್ಮ ಲಿವರ್ರಿನ ಜೀವಕೋಶಗಳ ಮೇಲೆ ಒಂದು ಪ್ರೋಟೀನು ಕಾವಲಿಗಿರುತ್ತದಂತೆ.

"ನಿಮ್ಮತ್ತೆ ಜಗಲಿ ಮೇಲೆ ಕೂತಿರಲ್ವಾ, ಅಂಗೇ ಕಣೆ. ಗುರ್ತಿರೋರ್ನ ಕೈ ಹಿಡ್ದು ಒಳಕ್ಕೆ ಕರ್ಕತದೆ. ಗುರ್ತಿಲ್ದೋರು ಆಚೆಗೇ."

"ಅದನ್ನ ಮನುಷ್ಯರಿಂದ ಕುಯ್ದು ತೆಗೀತಾರಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದ್ದೆ.

"ಇಲ್ಲ ಕಣೆ. ಅದನ್ನ ಮಾಡೋ ಕ್ರಮ ನಮ್ಮ ಮೈಯೊಳಗೇ ಅದೆ. ಆ ಒಂದು ಪಾಠವ ಕಣ್ಣಿಗೆ ಕಾಣದ ಸಣ್ಣ ಜೀವಕ್ಕೆ ಸೇರಿಸ್ಬುಟ್ರೆ ಅದೇ ಮಾಡ್ಕೊಡ್ತದೆ. ನೀನು ಹಾಲಿಗೆ ಹೆಪ್ಪು ಹಾಕಿ ಮಲಗ್ತೀಯ, ಮೊಸರು ಮಾಡೋರು ಯಾರು? ಅಂಗೆ. ಯಾರೂ ಸಾಯ್ಬೇಕಾಗಿಲ್ಲ."

ಆ ಪ್ರೋಟೀನಿಗೆ ಎರಡೇ ನಿಯಮ: "ತಣ್ಣಗಿಡು, ಅಲುಗಾಡಿಸಬ್ಯಾಡ." ಬೆಚ್ಚಗಾದರೂ ಕೆಡುತ್ತದೆ, ಕುಲುಕಿ ನೊರೆ ಎದ್ದರೂ ಕೆಡುತ್ತದೆ. ಈ ಮಾತು ಅವಳಿಗೆ ಎಲ್ಲದಕ್ಕೂ ಆಗುತ್ತಿತ್ತು. ಸಾರಿಗೆ ಉಪ್ಪು ಸಾಲದೆಂದು ನಿಮ್ಮ ತಾತ ತಟ್ಟೆ ತಳ್ಳಿ ಎದ್ದರೆ ಅವಳ ಕೋಣೆಯಿಂದ ದನಿ ಬರುತ್ತಿತ್ತು: "ತಂಗೀ, ತಣ್ಣಗಿಡು, ಅಲುಗಾಡಿಸಬ್ಯಾಡ!" ನಿಮ್ಮ ತಾತನೇ ನಕ್ಕು ಮತ್ತೆ ಕೂರುತ್ತಿದ್ದರು.

ಹಾಗೆ ತಯಾರಿಸಿದ ಪ್ರೋಟೀನು ಬೆರಳುದ್ದದ ಸೀಸೆಯೊಂದರಲ್ಲಿ ಹೊರದೇಶದಿಂದ ಬರಬೇಕಿತ್ತು. ಅಕ್ಕ ತಿಂಗಳುಗಟ್ಟಲೆ ಕಾದಳು. "ಇದು ಕೆಟ್ರೆ ಇನ್ನೊಂದು ತರಿಸ್ಕೊಡೋರಿಲ್ಲ ಕಣೆ. ಈ ವರ್ಷ ಕೆಲ್ಸ ಮುಗೀದಿದ್ರೆ ಓದು ಬುಟ್ಟು ಊರಿಗೆ ಬಾ ಅಂತ ಅಪ್ಪ ಹೇಳ್ಬುಟ್ಟವ್ರೆ" ಎಂದಿದ್ದಳು. ನಗದೆ ಅವಳು ಆಡಿದ್ದು ಅದೊಂದೇ ಮಾತು ಇರಬೇಕು.

ಕೊನೆಗೆ ಅದು ಬೆಂಗಳೂರಿಗೆ ಬಂದಿಳಿಯಿತು. ಅಕ್ಕ ಹೋಗಿ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ತುಂಬಿಸಿಕೊಂಡು ಹೊರಟಳು. ಅದು ಕರಗಿ ನೀರಾಗುವ ಮಂಜುಗಡ್ಡೆಯಲ್ಲ, ಬಿಳಿ ಹೊಗೆಯಾಗಿ ಹೋಗುವಂಥದ್ದು. ಬಿಸಿಲು ತಾಗದಿರಲೆಂದು ಪೆಟ್ಟಿಗೆಗೆ ಒದ್ದೆ ಮಾಡಿದ ಬಿಳಿ ಪಂಚೆ ಸುತ್ತಿದ್ದಳು. ಮೈಸೂರಿಗೆ ಹೋಗಬೇಕಾದ ಬಸ್ಸು ನಮ್ಮೂರಿನಲ್ಲೇ ಕೆಟ್ಟು ನಿಂತಿತು. ಅಕ್ಕ ಪೆಟ್ಟಿಗೆ ಹೊತ್ತು ಮನೆಗೆ ಬಂದು, ಜಗಲಿಯ ಮೇಲಿಟ್ಟು, "ಅತ್ತೆಮ್ಮ, ಮನುಷ್ಯರ ಲಿವರ್ರಿಂದು ಇದು, ಉಷಾರು. ಲ್ಯಾಬಿನ ಜೀಪಿಗೆ ಫೋನ್ ಮಾಡಿ ಬಂದ್ಬುಡ್ತೀನಿ" ಎಂದು ನನ್ನ ಅತ್ತೆಗೆ ಹೇಳಿ ಎಸ್‌ಟಿಡಿ ಬೂತಿಗೆ ಓಡಿದಳು.

ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬಂದಾಗ ಅತ್ತೆ ಜಗಲಿಗೆ ನೀರು ಹಾಕಿ ತೊಳೆಯುತ್ತಿದ್ದರು.

"ಆ ಪೆಟ್ಟಿಗೆಯ ನಿಮ್ಮಾವನ ಕೈಲಿ ವಳೆಗೆ ಬುಡಕ್ಕೆ ಕಳಿಸ್ಬುಟ್ಟೆ ಕಣವ್ವ. ಪಾಪ, ಯಾರ ಮನೆ ಮಗುವೋ! ಬಿಳಿ ಬಟ್ಟೆ ಸುತ್ತವ್ರೆ, ಇನ್ನೂ ಒಗೆ ಆಡ್ತಾ ಅದೆ! ಆರೋಗಂಟ ಕಾಯೋದಲ್ವಾ? ಆ ಉಡುಗಿಗೆ ಏನ್ ಗೊತ್ತಾಯ್ತದೆ, ಜಗಲಿ ಮ್ಯಾಲೇ ತಂದು ಮಡಗ್ಬುಟ್ಲು."

ನಮ್ಮೂರಿನವರಿಗಲ್ಲದೆ ಬೇರೆಯವರಿಗೆ ಈ ಯೋಚನೆ ಬರುತ್ತಿರಲಿಲ್ಲ. ಎಲ್ಲೆಲ್ಲಿಂದಲೋ ಜನ ಅಸ್ಥಿ ಬಿಡಲು ನಮ್ಮ ಹೊಳೆಯ ಪಶ್ಚಿಮವಾಹಿನಿಗೆ ಬರುತ್ತಾರೆ. ಬಿಳಿ ಬಟ್ಟೆಯ ಗಂಟು ಕಂಡರೆ ನಮಗೆ ಬೇರೆ ಏನೂ ಹೊಳೆಯುವುದಿಲ್ಲ. ಅಸ್ಥಿಯನ್ನು ಮನೆಯಲ್ಲಿ ಇಡುವ ಹಾಗೂ ಇಲ್ಲ. ಅತ್ತೆ ಪುಣ್ಯದ ಕೆಲಸವನ್ನೇ ಮಾಡಿದ್ದರು.

ನಾನು ಒದ್ದೆ ಸೀರೆಯಲ್ಲೇ ಓಡಿದೆ. ಮದುವೆಯಾದ ಮೇಲೆ ಬೀದಿಯಲ್ಲಿ ನಾನು ಒಬ್ಬಳೇ ನಡೆದದ್ದೇ ಕಡಿಮೆ, ಇನ್ನು ಓಡುವುದೆಲ್ಲಿ? ಅದಕ್ಕಿಂತ ದೊಡ್ಡ ಸಂಕಟ ಮುಂದಿತ್ತು. ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮಾವನಿಗೆ ಏನು ಹೇಳುವುದಿದ್ದರೂ ಅತ್ತೆಯ ಮೂಲಕ, ಇಲ್ಲವೇ ಗೋಡೆಗೆ ಹೇಳಿದ ಹಾಗೆ. ನದಿಯಲ್ಲಿ ಗೋಡೆ ಎಲ್ಲಿದೆ?

ನಾನು ಹೋಗುವಷ್ಟರಲ್ಲಿ ಮಾವ ಮೊಣಕಾಲುದ್ದ ನೀರಿನಲ್ಲಿದ್ದರು. ಪಕ್ಕದಲ್ಲಿ ಪುರೋಹಿತರು.

"ಹೆಸರು, ಗೋತ್ರ ಹೇಳಪ್ಪಾ."

"ಎಸ್ರು ಗೊತ್ತಿಲ್ಲ ಸ್ವಾಮಿ. ನಮ್ಮ ಬಾಡಿಗೆ ಉಡುಗಿ ಕಡೆಯೋರು."

"ಗಂಡಸೋ, ಹೆಂಗಸೋ?"

"ಅದೂ ಗೊತ್ತಿಲ್ಲ. ಲಿವರ್ರು ಮಾತ್ರ ಸಿಕ್ತಂತೆ."

ಪುರೋಹಿತರು ಹೊಗೆಯನ್ನೂ ಮಾವನನ್ನೂ ಒಂದೊಂದು ಸಲ ನೋಡಿದರು. ಮಾವ ಪೆಟ್ಟಿಗೆಯ ಪಂಚೆ ಬಿಚ್ಚತೊಡಗಿದರು.

"ಮಾವಾ! ಬುಡಬ್ಯಾಡಿ! ಯಾರೂ ಸತ್ತಿಲ್ಲಾ!"

ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಸೋಪಾನದ ಮೇಲಿದ್ದವರೆಲ್ಲ ತಿರುಗಿದರು. ಯಾರದೋ ತಲೆ ಬೋಳಿಸುತ್ತಿದ್ದವನ ಕತ್ತಿ ಅರ್ಧಕ್ಕೇ ನಿಂತಿತು.

"ಸತ್ತೇ ಇಲ್ಲ ಅಂದಮೇಲೆ ನನ್ನನ್ನ ಯಾಕಯ್ಯಾ ನೀರಿಗಿಳಿಸಿದೆ?" ಎಂದರು ಪುರೋಹಿತರು.

ಮಾವ ಪೆಟ್ಟಿಗೆ ಹಿಡಿದೇ ಮೇಲೆ ಬಂದರು. ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿ, "ಅಲ್ಲ ಕಣವ್ವ, ನಿಂಗೆ ಇಷ್ಟು ಗಂಟ್ಲಿತ್ತಾ?" ಎಂದರು. ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಕೊಡಿ ಮಾವ ಇಲ್ಲಿ. ಅಲುಗಾಡಿಸಬ್ಯಾಡಿ" ಎಂದೆ. ಅದು ನನ್ನ ಎರಡನೆಯದು.

ಮನೆಯ ಜಗಲಿಯಲ್ಲಿ ಅಕ್ಕ ಬಿಳಿಚಿಕೊಂಡು ಕೂತಿದ್ದಳು. ಪೆಟ್ಟಿಗೆ ತೆರೆದಳು. ತಳದಲ್ಲಿ ಡ್ರೈ ಐಸಿನ ಚೂರುಗಳು ಇನ್ನೂ ಹೊಗೆಯಾಡುತ್ತಿದ್ದವು, ಸೀಸೆ ಕಲ್ಲಿನಂತೆ ಹೆಪ್ಪುಗಟ್ಟೇ ಇತ್ತು. ಆಗ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಅತ್ತೆ, "ಒಗೆ ಆಡ್ತಿತ್ತಲ್ಲವ್ವಾ, ನಾನೇನ್ ಮಾಡ್ಲಿ?" ಎಂದು ಗೊಣಗುತ್ತಲೇ ಅವಳಿಗೆ ಮಜ್ಜಿಗೆ ಕೊಟ್ಟರು. ಜೀಪು ಬಂತು. ಹತ್ತುವ ಮುಂಚೆ ಅಕ್ಕ ನನ್ನ ಕತ್ತಿಗೆ ಎರಡು ಬೆರಳು ಒತ್ತಿದಳು. ಬೀದಿಗೆಲ್ಲ ಕೇಳಿಸುವ ಹಾಗೆ ಕಿರುಚಿದೆ.

ಅಕ್ಕನ ಕೆಲಸ ಆ ವರ್ಷವೇ ಮುಗಿಯಿತು. ಡಾಕ್ಟರೇಟ್ ಬಂದ ದಿನ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಂದು ಮೊದಲು ಅತ್ತೆಯ ಕೈಗಿಟ್ಟಳು. ಮಾವ ಆಮೇಲೆ ದಿನಾ ಬೆಳಿಗ್ಗೆ "ಏನವ್ವ, ಕಾಪಿ ಆಯ್ತಾ?" ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇ ಉತ್ತರಿಸುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ಬ್ಯಾಂಕು, ಪಂಚಾಯ್ತಿ, ನಿಮ್ಮ ಅಪ್ಪನ ಕಾಲೇಜು, ಎಲ್ಲ ಕಡೆ ನಿಂತು ಮಾತಾಡಿದ್ದು ಆ ದಿನ ತೆರೆದ ಗಂಟಲಿನಿಂದಲೇ.

ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ತಮ್ಮ ಬಿಳಿ ಬಟ್ಟೆಯ ಗಂಟು ಹಿಡಿದು ಅದೇ ಸೋಪಾನಕ್ಕೆ ಬಂದ. ಪುರೋಹಿತರು ಬೇರೆಯವರು. ಹೆಸರು ಕೇಳಿದರು. ತಮ್ಮ ತಲೆ ತಗ್ಗಿಸಿ ಗಂಟನ್ನು ಎದೆಗೊತ್ತಿಕೊಂಡ. ನಾನು ಮುಂದೆ ಬಂದು ಅಕ್ಕನ ಹೆಸರು ಹೇಳಿದೆ, ಆಚೆ ದಡಕ್ಕೂ ಕೇಳುವ ಹಾಗೆ.

ತಮ್ಮ ಅವಸರವಾಗಿ ನೀರಿಗೆ ಕಾಲಿಟ್ಟ.

"ಮೆಲ್ಲಗೆ ಕಣಪ್ಪ," ಎಂದೆ. "ಅಲುಗಾಡಿಸಬ್ಯಾಡ."

ಅವನು ಮೆಲ್ಲಗೆ ಇಳಿದ. ನಾನೂ ಬಗ್ಗಿ ಎರಡು ಬೆರಳು ಅದ್ದಿದೆ. ನೀರು ತಣ್ಣಗಿತ್ತು.