ಶುಕ್ರವಾರಗಳಲ್ಲಿ ನನ್ನ ಬೆಲೆ

ಮನುಷ್ಯನಿಗೆ ತನ್ನ ತೂಕ ಎಷ್ಟೆಂದು ಗೊತ್ತಿದ್ದರೆ ಸಾಕು, ಬೆಲೆ ಎಷ್ಟೆಂದು ಗೊತ್ತಾಗಬಾರದು. ನನಗೆ ಗೊತ್ತಾಯಿತು. ಒಂದು ಸಲವಲ್ಲ, ಹೊರದೇಶದಲ್ಲಿದ್ದ ಅಷ್ಟೂ ವರ್ಷ ವಾರಕ್ಕೊಮ್ಮೆ ಗೊತ್ತಾಗುತ್ತಲೇ ಇತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನೀವೇನೂ ಹೊರಗಿನವರಲ್ಲವಲ್ಲ, ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಮಸ್ಕತ್ತಿಗೆ ಹೋದೆ. ಸಿಮೆಂಟು, ಕಬ್ಬಿಣ ಮಾರುವ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ. ಅಲ್ಲಿ ಶುಕ್ರವಾರ ರಜೆ. ಬಸವನಗುಡಿಯಲ್ಲಿದ್ದಾಗ ರಜೆಯ ದಿನ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಆಮೇಲೆ ತಿಂಡಿಗೆ ಕೂರುತ್ತಿದ್ದ ಮನುಷ್ಯ, ಅಲ್ಲಿ ಹಲ್ಲುಜ್ಜಿದವನೇ ಕಂಪ್ಯೂಟರಿನ ಮುಂದೆ ಕೂತು ನನ್ನ ಒಟ್ಟು ಆಸ್ತಿ ಎಷ್ಟಾಯಿತೆಂದು ಕೂಡತೊಡಗಿದೆ. ಬ್ಯಾಂಕಿನಲ್ಲಿರುವುದು, ಠೇವಣಿ, ಅಂಚೆ ಕಚೇರಿಯ ಪತ್ರಗಳು, ವಿಮೆ, ಕೊನೆಗೆ ಹೆಂಡತಿ ಸುಧಾಳ ಒಡವೆ. ಒಮ್ಮೆ ರಿಯಾಲಿನಲ್ಲಿ, ಒಮ್ಮೆ ರೂಪಾಯಿಯಲ್ಲಿ. ರಿಯಾಲಿನಲ್ಲಿ ನೋಡಿದರೆ ವಿನಯ ಬರುತ್ತಿತ್ತು, ರೂಪಾಯಿಯಲ್ಲಿ ನೋಡಿದರೆ ಜಂಬ ಬರುತ್ತಿತ್ತು. ಹಾಗಾಗಿ ರೂಪಾಯಿಯಲ್ಲೇ ಹೆಚ್ಚು ಹೊತ್ತು ನೋಡುತ್ತಿದ್ದೆ. ಸುಧಾ ಅಡುಗೆಮನೆಯಿಂದಲೇ ಬದನೆಕಾಯಿ ಕೊಳ್ಳುವವಳ ಹಾಗೆ ಕೂಗುತ್ತಿದ್ದಳು: "ಏನ್ರೀ, ಇವತ್ತು ನಿಮ್ಮ ರೇಟ್ ಎಷ್ಟು?" ನಾನು ಹೇಳುತ್ತಿದ್ದೆ. "ಅದ್ರಲ್ಲಿ ನನ್ನ ಬಳೆ ಎಷ್ಟು?" ಎನ್ನುತ್ತಿದ್ದಳು. ಅದಕ್ಕೆ ನಾನು ಕೇಳಿಸದವನಂತೆ ಇರುತ್ತಿದ್ದೆ.

ಎಣಿಸುವ ಈ ಚಟ ನಮ್ಮ ವಂಶದ್ದಲ್ಲ. ನಮ್ಮಜ್ಜಿ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಅಂಗಳದಲ್ಲಿ ಆಡುವ ಮಕ್ಕಳನ್ನು ಯಾರಾದರೂ ಬೆರಳು ಮಾಡಿ ಎಣಿಸಿದರೆ ಸಿಡುಕುತ್ತಿದ್ದರು. ಇರುವುದನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ಅವರ ಶಾಸ್ತ್ರ. ಪುರಾಣದಲ್ಲಿ ಕುಬೇರನ ಒಂದು ಕಣ್ಣು ಹಳದಿಯಾಗಿದೆ ಎಂದು ಕೇಳಿದ್ದೇನೆ; ಪಾರ್ವತಿಯ ಕಡೆ ನೋಡಬಾರದ ಹಾಗೆ ನೋಡಿ ಕೆಡಿಸಿಕೊಂಡನಂತೆ. ಸಂಪತ್ತಿನ ಒಡೆಯನಿಗೇ ಒಂದು ಮಗ್ಗುಲು ಸರಿಯಾಗಿ ಕಾಣದು ಅಂದಮೇಲೆ, ಅಕೌಂಟೆಂಟನನ್ನು ಏನು ಕೇಳುತ್ತೀರಿ?

ಕೊಲ್ಲಿ ದೇಶಕ್ಕೆ ಹೋದ ಪ್ರತಿಯೊಬ್ಬನ ಎದೆಯಲ್ಲೂ ಒಂದು ಅಂಕಿ ಇರುತ್ತದೆ. ಅದು ಮುಟ್ಟಿದ ದಿನ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದು ಎಂದು. ಮುಟ್ಟುವ ಹೊತ್ತಿಗೆ ಆ ಅಂಕಿ ತಾನೇ ಮುಂದೆ ಸರಿದಿರುತ್ತದೆ, ಆ ಮಾತು ಬೇರೆ. ನನ್ನದು ಇಪ್ಪತ್ತು ಲಕ್ಷ. ಸರಿಸುವುದಿಲ್ಲ ಎಂದು ಸುಧಾ ನನ್ನ ಕೈಯಲ್ಲಿ ಮಾತು ತೆಗೆದುಕೊಂಡಿದ್ದಳು. ಅವಳಿಗೆ ಆ ಊರಿನ ಬಿಸಿಲೂ ಸಾಕಾಗಿತ್ತು, ಆ ಊರಿನ ಶುಕ್ರವಾರದ ನಾನೂ ಸಾಕಾಗಿದ್ದೆ. ಕೊನೆಗೂ ಒಂದು ಶುಕ್ರವಾರ ಪರದೆಯ ಮೇಲೆ ಇಪ್ಪತ್ತು ದಾಟಿತು. ಸುಧಾ ಕೇಸರಿಬಾತ್ ಮಾಡಿದಳು. ಸಂಜೆಯೊಳಗೆ ದೊಡ್ಡ ಪಾತ್ರೆಗಳನ್ನು ಯಾರಿಗೆ ಕೊಡುವುದೆಂದು ತೀರ್ಮಾನವನ್ನೂ ಮಾಡಿಬಿಟ್ಟಳು.

ಮಾರನೆಯ ವಾರವೇ ಬೆಂಗಳೂರಿನಿಂದ ಸೀತಾರಾಮ್ ಫೋನ್ ಮಾಡಿದರು. ಸೀತಾರಾಮ್ ಎಂದರೆ ಬಸವನಗುಡಿಯ ನಮ್ಮ ಪುಟ್ಟ ಮನೆಯಲ್ಲಿ ಭೋಗ್ಯಕ್ಕಿದ್ದವರು, ಶೇಷಾದ್ರಿಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಭೋಗ್ಯವೆಂದರೇನು ಎಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಬೇರೆ ಊರಿನವರಿದ್ದರೆ ಕೇಳಲಿ. ತಿಂಗಳ ಬಾಡಿಗೆ ಇಲ್ಲ. ಬರುವಾಗ ದೊಡ್ಡ ಗಂಟೊಂದನ್ನು ಮನೆ ಯಜಮಾನನ ಕೈಗಿಡುತ್ತಾರೆ, ಬಿಟ್ಟುಹೋಗುವಾಗ ಅಷ್ಟನ್ನೂ ಎಣಿಸಿಕೊಂಡು ಹೋಗುತ್ತಾರೆ. ನಡುವಿನ ಬಡ್ಡಿಯಷ್ಟೇ ಯಜಮಾನನಿಗೆ. ಸೀತಾರಾಮ್ ಕೊಟ್ಟಿದ್ದು ಮೂರು ಲಕ್ಷ. "ಸಾರ್, ಹನುಮಂತನಗರದಲ್ಲಿ ಒಂದು ಹಳೇ ಮನೆ ಕುದುರಿದೆ. ಅಡ್ವಾನ್ಸ್ ಕೊಟ್ಬಿಟ್ಟಿದೀನಿ. ಮುಂದಿನ ತಿಂಗಳ ಕೊನೇಲಿ ರಿಜಿಸ್ಟ್ರೇಷನ್. ನಮ್ಮ ಭೋಗ್ಯದ ದುಡ್ಡು ಅಷ್ಟರೊಳಗೆ..." ಎಂದರು.

ನನಗೆ ಆ ಕ್ಷಣದಲ್ಲಿ ಏನನ್ನಿಸಿತು ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಈ ಮನುಷ್ಯ ನನ್ನ ಹಣ ಕೇಳುತ್ತಿದ್ದಾನಲ್ಲ ಅನ್ನಿಸಿತು.

ಆ ಮೂರು ಲಕ್ಷವನ್ನು ನಾನು ಠೇವಣಿಯಲ್ಲಿಟ್ಟಿದ್ದೆ. ಠೇವಣಿ ನನ್ನ ಹೆಸರಿನಲ್ಲಿತ್ತು, ಹಾಗಾಗಿ ನನ್ನ ಆಸ್ತಿಯ ಪಟ್ಟಿಗೆ ಸೇರಿತ್ತು. ಕೊಡಬೇಕಾದದ್ದರ ಕಡೆ ಅದನ್ನು ಬರೆಯುವುದು ಒಂದು ಶುಕ್ರವಾರವೂ ಹೊಳೆಯಲಿಲ್ಲ. ಕಂಪನಿಯ ಲೆಕ್ಕದಲ್ಲಿ ಒಂದು ಬೈಸಾ, ಅಂದರೆ ಅಲ್ಲಿನ ಪೈಸೆ, ತಾಳೆಯಾಗದಿದ್ದರೆ ಊಟ ಸೇರದ ಗಿರಾಕಿ ನಾನು! ನನ್ನ ಕೈಕೆಳಗಿನ ಗುಮಾಸ್ತನೊಬ್ಬ ಇಂಥ ತಪ್ಪು ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಇನ್ನೂ ತಮಾಷೆಯೆಂದರೆ, ನಾವು ಊರಿಗೆ ಬಂದು ಇರಬೇಕೆಂದಿದ್ದದ್ದು ಅದೇ ಮನೆಯಲ್ಲಿ. ಅವರಿಗೆ ಹಣ ಕೊಡದೆ ಅದರೊಳಗೆ ಕಾಲಿಡುವ ಹಾಗಿರಲಿಲ್ಲ. ವಿಷಯ ಹೇಳಿದಾಗ ಸುಧಾ ಪಾತ್ರೆಗಳನ್ನು ಮತ್ತೆ ಅಟ್ಟಕ್ಕೇರಿಸುತ್ತಾ, "ಹಾಗಾದ್ರೆ ನಮ್ಹತ್ರ ಇಪ್ಪತ್ತು ಇದ್ದಿದ್ದಾದ್ರೂ ಯಾವಾಗ್ರೀ?" ಎಂದಳು.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತು ಎಂದು ಬೀಗಿದ ಕಣ್ಣಿಗೆ ಹದಿನೇಳು ನೋಡುವುದು ಸುಲಭವಲ್ಲ. ನಾನೊಂದು ಉಪಾಯ ಹೂಡಿದೆ. ಹೊಸ ಭೋಗ್ಯದವರನ್ನು ಹುಡುಕುವುದು, ಅವರು ಕೊಟ್ಟ ಹಣವನ್ನು ಇವರಿಗೆ ದಾಟಿಸುವುದು, ನನ್ನ ಅಂಕಿಯನ್ನು ಅಲುಗಾಡದಂತೆ ಇಟ್ಟುಕೊಳ್ಳುವುದು. ಊರಿಗೆ ಮರಳುವ ಮಾತನ್ನು ಆಮೇಲೆ ನೋಡಿಕೊಂಡರಾಯಿತು. ರಜೆ ಹಾಕಿ, ಸುಧಾಳನ್ನೂ ಕರೆದುಕೊಂಡು ಬೆಂಗಳೂರಿಗೆ ಬಂದೆ.

ನನ್ನದೇ ಮನೆಯ ಬಾಗಿಲು ತಟ್ಟಿದೆ. ಸೀತಾರಾಮರ ಹೆಂಡತಿ ಗಿರಿಜಾ ಬಾಗಿಲು ತೆಗೆದು, "ಬನ್ನಿ ಬನ್ನಿ, ನಿಮ್ಮನೆಗೆ ನೀವೇ ಬಾಗಿಲು ತಟ್ಟೋ ಹಂಗಾಯ್ತು ನೋಡಿ" ಎಂದು ನಕ್ಕು, ಕಾಫಿ ಕೊಟ್ಟರು. ಕಾಫಿ ಬಹಳ ಚೆನ್ನಾಗಿತ್ತು. ಅದನ್ನು ಕುಡಿಯುತ್ತಾ ನಾನು ಗೋಡೆಗೆ ಹೊಡೆದಿದ್ದ ಮೊಳೆಗಳನ್ನು ನೋಡುತ್ತಿದ್ದೆ. "ಸುಣ್ಣಬಣ್ಣಕ್ಕೆ ಒಂದೆಂಟು ಸಾವಿರ ಹಿಡ್ಕೋಬೇಕಾಗುತ್ತೆ ಸೀತಾರಾಮ್. ಆಮೇಲೆ, ಹೊಸಬರು ಸಿಕ್ಕಿದ ತಕ್ಷಣ ನಿಮ್ಮ ದುಡ್ಡು. ಒಂದ್ಮೂರು ತಿಂಗಳು ಆಗ್ಬಹುದು" ಎಂದೆ. ಸುಧಾ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಮೂರು ತಿಂಗಳು ತಡವಾದರೆ ಅವರ ಅಡ್ವಾನ್ಸ್ ಮುಳುಗಿತು, ಮನೆ ಕೈಬಿಟ್ಟಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಸೀತಾರಾಮ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋನ್ ರಿಂಗಾಯಿತು. ಹನುಮಂತನಗರದ ಮನೆ ಮಾರುವ ಆಸಾಮಿಯದು. ಇನ್ನೊಬ್ಬ ಗಿರಾಕಿ ಹೆಚ್ಚು ಕೊಡಲು ನಿಂತಿದ್ದಾನೆ, ನಿಮ್ಮ ಹಣ ಬರುವುದು ಖಾತ್ರಿಯೇ ಎಂದು ಆತ ಕೇಳುತ್ತಿರಬೇಕು. ಸೀತಾರಾಮ್ ನನ್ನ ಕಡೆ ಒಂದು ಸಲವೂ ತಿರುಗದೆ ಹೇಳಿದರು: "ಅಯ್ಯೋ, ಅದರ ಚಿಂತೇನೇ ಬೇಡಿ ಸಾರ್. ದುಡ್ಡು ನಮ್ಮ ಓನರ್ ಹತ್ರ ಇದೆ. ಅವರ ಹತ್ರ ಇದ್ರೆ ನಮ್ಹತ್ರ ಇದ್ದ ಹಾಗೇನೆ." ಫೋನಿಟ್ಟು ಬಂದು, ಮತ್ತೆ ನನ್ನ ಎದುರು ಕೂತು, "ಹಾಂ, ಏನೋ ಹೇಳ್ತಿದ್ರಿ ಸಾರ್" ಎಂದರು.

ನಾಚಿಕೆ ಎನ್ನುವುದು ಮುಖದಲ್ಲಿ ಶುರುವಾಗುತ್ತದೆ ಎನ್ನುತ್ತಾರೆ. ನನಗೆ ಕಿವಿಯಲ್ಲಿ ಶುರುವಾಯಿತು. ಅಷ್ಟು ವರ್ಷವೂ ಆ ಮೂರು ಲಕ್ಷ ಎರಡು ಮನೆಯವರ ಲೆಕ್ಕದಲ್ಲಿತ್ತು. ಅವರ ಲೆಕ್ಕ ಸರಿಯಿತ್ತು. "ಏನಿಲ್ಲ, ನಾಳೆ ಬ್ಯಾಂಕಿಗೆ ಹೋಗೋಣ ಅಂತಿದ್ದೆ" ಎಂದೆ. ಮಾರನೆಯ ದಿನ ಠೇವಣಿ ಮುರಿಸಿದೆ. ಹೊರಗೆ ಬಂದಾಗ ಸುಧಾ, "ಹದಿನೇಳಕ್ಕೇ ಊರಿಗೆ ಬರೋದು. ಇನ್ನು ನಿಮ್ಮ ಇಪ್ಪತ್ತನ್ನ ಕಾಯ್ಕೊಂಡು ನಾನು ಕೂತ್ಕೊಳಲ್ಲ" ಎಂದಳು. ಸರಿ ಎಂದೆ.

ಇಲ್ಲಿಗೆ ನನ್ನನ್ನು ಒಳ್ಳೆಯವನೆಂದು ತಿಳಿಯಬೇಡಿ. ಚೆಕ್ ಬರೆಯುವಾಗ ಆ ಸುಣ್ಣಬಣ್ಣದ ಎಂಟು ಸಾವಿರವನ್ನು ಕಳೆದೇ ಬರೆದಿದ್ದೆ. ಬಾಯಿಂದ ಬಂದ ಮಾತು, ಅವರೂ ಬೇಡವೆಂದಿರಲಿಲ್ಲ, ಕೈ ತಾನಾಗಿ ಕಳೆಯಿತು. ಆಮೇಲೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚತೊಡಗಿತು. ವಾಪಸು ಕೊಡೋಣವೆಂದರೆ ಏನೆಂದು ಹೇಳಿ ಕೊಡುವುದು? ಆಸೆಬುರುಕತನದಿಂದ ಹಿಡಿದುಕೊಂಡೆ ಎನ್ನಬೇಕು. ಅದನ್ನು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಅವರ ಗೃಹಪ್ರವೇಶ ಬಂತು, ನಾವಿನ್ನೂ ಊರಲ್ಲೇ ಇದ್ದೆವು. ಕವರಿನಲ್ಲಿ ಹಾಕಿ ಕೊಟ್ಟುಬಿಟ್ಟರೆ ಬಾಯಿ ಬಿಡುವ ಗೋಜೇ ಇಲ್ಲ ಎಂದುಕೊಂಡೆ. ಎಂಟು ಸಾವಿರ ಹಾಕಿ ಸುಧಾಳ ಕೈಗೆ ಕೊಟ್ಟೆ. ಅವಳು ಅಭ್ಯಾಸಬಲದಿಂದ ಅದಕ್ಕೊಂದು ರೂಪಾಯಿ ಸೇರಿಸಿ, ಕುಂಕುಮ ಹಚ್ಚಿ, ನಮ್ಮ ಹೆಸರು ಬರೆದಳು. ಮರಳಿಸುವ ಹಣ ಆ ಒಂದು ರೂಪಾಯಿಯಿಂದ ಮುಯ್ಯಿ ಆಗಿಬಿಟ್ಟದ್ದು ಇಬ್ಬರಿಗೂ ಹೊಳೆಯಲಿಲ್ಲ.

ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆವು. ಐವತ್ತೊಂದು, ನೂರೊಂದು ಮುಯ್ಯಿ ಬರೆದುಕೊಳ್ಳುತ್ತಿದ್ದ ಗಿರಿಜಾರ ತಮ್ಮ ನಮ್ಮ ಕವರು ಬಿಚ್ಚಿ, ಗಾಬರಿಯಿಂದ ಸೀತಾರಾಮರ ಕಿವಿಯಲ್ಲಿ ಏನೋ ಹೇಳಿದ. ಸೀತಾರಾಮ್ ಸಾಲು ದಾಟಿಕೊಂಡು ನನ್ನ ಎಲೆಯ ಮುಂದೆ ಬಂದು ನಿಂತರು. ಕಣ್ಣು ತುಂಬಿತ್ತು. ಸುತ್ತಲಿನ ನೆಂಟರಿಗೆಲ್ಲ ಕೇಳುವ ಹಾಗೆ, "ಈ ಮನೆ ಆಗಿದ್ದೇ ಇವರಿಂದ. ಕೇಳಿದ ಮಾರನೇ ದಿನ ದುಡ್ಡು ಕೊಟ್ಟ ಪುಣ್ಯಾತ್ಮರು" ಎಂದರು. ಆಮೇಲೆ ನನ್ನ ಕಡೆ ಬಾಗಿ, ನಿಜವಾದ ಆತಂಕದಿಂದ ಕೇಳಿದರು: "ಇಷ್ಟೊಂದು ಮುಯ್ಯಿ ಮಾಡ್ಬಿಟ್ರೆ, ನಾವು ಯಾವತ್ತು ಸಾರ್ ತೀರಿಸೋದು?"

ಅದು ನಿಮ್ಮದೇ ದುಡ್ಡು ಕಣ್ರೀ ಎನ್ನಬೇಕಿತ್ತು. ಸುಧಾ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು. ಆದರೆ ನನ್ನ ಬಾಯಲ್ಲಿ ಅವರ ಮನೆಯ ಹೋಳಿಗೆ ಇತ್ತು.